ವಿಷದ ಹಾದಿಯನ್ನು ಅರಸಿದ ವೈದ್ಯೆ: ಡಾ. ಆಲಿಸ್ ಹ್ಯಾಮಿಲ್ಟನ್

ಪೀಡೆನಾಶಕಗಳ ಬಳಕೆಯ ಬಗ್ಗೆ ರೈತ ಬಾಂಧವರಿಗೆ ನೀಡಲಾಗುವ ಪ್ರತಿಯೊಂದು ಸಲಹೆಯ ಹಿಂದೆಯೂ ಒಂದು ಮೂಲಭೂತ ಪ್ರಶ್ನೆಯಿದೆ. ವಿಷವು ಯಾವ ಹಾದಿಯಿಂದ, ಎಷ್ಟು ಪ್ರಮಾಣದಲ್ಲಿ, ಎಷ್ಟು ಕಾಲ ಮನುಷ್ಯನ ದೇಹವನ್ನು ಸೇರುತ್ತದೆ ಎಂಬುದೇ ಆ ಪ್ರಶ್ನೆ. ಒಂದು ವಸ್ತು ವಿಷಕಾರಿಯೆಂದು ತಿಳಿದರಷ್ಟೇ ಸಾಲದು. ದುಡಿಯುವವನ ದೇಹಕ್ಕೆ ಅದು ತಲುಪುವ ಬಗೆಯನ್ನು ಅರಿತಾಗ ಮಾತ್ರ ರಕ್ಷಣೆ ಸಾಧ್ಯ. ಕಾರ್ಖಾನೆಗಳಲ್ಲಿಯೂ ಗಣಿಗಳಲ್ಲಿಯೂ ಈ ಪ್ರಶ್ನೆಯನ್ನು ಬೆನ್ನಟ್ಟಿ, ಸೀಸ ಮತ್ತು ಪಾದರಸದಂತಹ ಭಾರಲೋಹಗಳ ವಿಷಬಾಧೆಯನ್ನು ಅಮೆರಿಕದಲ್ಲಿ ಮೊದಲಬಾರಿಗೆ ವ್ಯವಸ್ಥಿತವಾಗಿ ದಾಖಲಿಸಿದವರು ಡಾ. ಆಲಿಸ್ ಹ್ಯಾಮಿಲ್ಟನ್. ಅವರ ಕಾರ್ಯಕ್ಷೇತ್ರ ಹೊಲವಾಗಿರಲಿಲ್ಲ. ಆದರೂ ಅವರು ಅನುಸರಿಸಿದ ವಿಧಾನವು ಇಂದಿನ ರೈತರಿಗೂ ಕೃಷಿ ವಿಸ್ತರಣಾ ಕಾರ್ಯಕರ್ತರಿಗೂ ನೇರವಾಗಿ ಉಪಯುಕ್ತವಾಗಿದೆ.

ಬಾಲ್ಯ ಮತ್ತು ಶಿಕ್ಷಣ

ಆಲಿಸ್ ಹ್ಯಾಮಿಲ್ಟನ್ ಅವರು 1869ರ ಫೆಬ್ರವರಿ 27ರಂದು ನ್ಯೂಯಾರ್ಕ್ ನಗರದಲ್ಲಿ ಜನಿಸಿದರು. ಇಂಡಿಯಾನಾ ರಾಜ್ಯದ ಫೋರ್ಟ್ ವೇನ್ ಎಂಬ ಊರಿನಲ್ಲಿ ಅಜ್ಜಿಯ ಮನೆತನದ ವಿಶಾಲವಾದ ಆವರಣದಲ್ಲಿ, ಸೋದರಿಯರು ಮತ್ತು ದಾಯಾದಿ ಮಕ್ಕಳ ನಡುವೆ ಅವರು ಬೆಳೆದರು. ಬಾಲ್ಯದ ಶಿಕ್ಷಣ ಮನೆಯಲ್ಲಿಯೇ ನಡೆಯಿತು. ಅವರ ಅಕ್ಕ ಈಡಿತ್ ಹ್ಯಾಮಿಲ್ಟನ್ ಮುಂದೆ ಗ್ರೀಕ್ ಪುರಾಣ ಮತ್ತು ಸಾಹಿತ್ಯದ ಲೇಖಕಿಯಾಗಿ ಹೆಸರಾದರು.

ತಂದೆಯ ದಿನಸಿ ವ್ಯಾಪಾರವು ನಷ್ಟಕ್ಕೀಡಾದಾಗ, ಹೆಣ್ಣುಮಕ್ಕಳು ಸ್ವಂತ ದುಡಿಮೆಯಿಂದ ಬದುಕಬೇಕಾದ ಪರಿಸ್ಥಿತಿ ಒದಗಿತು. ಎಲ್ಲಿಗೆ ಹೋದರೂ ಉಪಯೋಗಕ್ಕೆ ಬರುವ ವಿದ್ಯೆಯೆಂದು ಆಲಿಸ್ ವೈದ್ಯಶಾಸ್ತ್ರವನ್ನು ಆರಿಸಿಕೊಂಡರು. 1893ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದಿಂದ ವೈದ್ಯಕೀಯ ಪದವಿ ಪಡೆದರು. ಅನಂತರ ಜರ್ಮನಿಯ ಲೈಪ್ಜಿಗ್ ಮತ್ತು ಮ್ಯೂನಿಕ್ ನಗರಗಳಲ್ಲಿ ರೋಗಶಾಸ್ತ್ರ ಹಾಗೂ ಸೂಕ್ಷ್ಮಾಣುಶಾಸ್ತ್ರವನ್ನು ಅಭ್ಯಸಿಸಿದರು. ಆ ಕಾಲದಲ್ಲಿ ಅಲ್ಲಿನ ವಿಶ್ವವಿದ್ಯಾಲಯಗಳು ಸ್ತ್ರೀಯರಿಗೆ ವಿಧಿವತ್ತಾದ ಪ್ರವೇಶವನ್ನು ನೀಡುತ್ತಿರಲಿಲ್ಲ. ಉಪನ್ಯಾಸಗಳಿಗೆ ಬಂದರೂ ಇತರರ ಕಣ್ಣಿಗೆ ಬೀಳದಂತೆ ಕುಳಿತುಕೊಳ್ಳಬೇಕೆಂಬ ಷರತ್ತಿನ ಮೇಲೆ ಅವರು ಅಧ್ಯಯನವನ್ನು ಮುಂದುವರಿಸಬೇಕಾಯಿತು.

ಕಾರ್ಮಿಕರ ನೆರೆಯಲ್ಲಿ ವಾಸ

1897ರಲ್ಲಿ ಹ್ಯಾಮಿಲ್ಟನ್ ಅವರು ಷಿಕಾಗೋ ನಗರದ ಮಹಿಳಾ ವೈದ್ಯಕೀಯ ಶಾಲೆಯಲ್ಲಿ ರೋಗಶಾಸ್ತ್ರದ ಪ್ರಾಧ್ಯಾಪಕರಾಗಿ ನೇಮಕಗೊಂಡರು. ವಾಸಕ್ಕಾಗಿ ಅವರು ಆರಿಸಿಕೊಂಡದ್ದು ಹಲ್ ಹೌಸ್ ಎಂಬ ಸೇವಾಕೇಂದ್ರವನ್ನು. ಜೇನ್ ಆಡಮ್ಸ್ ಮತ್ತು ಎಲೆನ್ ಗೇಟ್ಸ್ ಸ್ಟಾರ್ ಸ್ಥಾಪಿಸಿದ್ದ ಈ ಕೇಂದ್ರವು ಇಟಲಿ, ಗ್ರೀಸ್, ಪೂರ್ವ ಯೂರೋಪು ಮೊದಲಾದ ದೇಶಗಳಿಂದ ವಲಸೆ ಬಂದ ಬಡ ಕಾರ್ಮಿಕರ ಕೇರಿಯ ನಡುವೆ ಇತ್ತು. ಅಲ್ಲಿ ನೆಲೆಸಿದ ವಿದ್ಯಾವಂತರು ನೆರೆಹೊರೆಯವರಿಗೆ ತಮ್ಮ ವಿದ್ಯೆಯನ್ನು ಧಾರೆಯೆರೆಯುತ್ತಿದ್ದರು. ಹ್ಯಾಮಿಲ್ಟನ್ ಅವರು ಶಿಶುಗಳ ಆರೋಗ್ಯ ತಪಾಸಣಾ ಕೇಂದ್ರವೊಂದನ್ನು ತೆರೆದರು. ಅಲ್ಲಿಗೆ ಬರುತ್ತಿದ್ದ ಕುಟುಂಬಗಳ ಮೂಲಕ, ಉಕ್ಕಿನ ಕಾರ್ಖಾನೆಯಲ್ಲಿ ಇಂಗಾಲದ ಮಾನಾಕ್ಸೈಡ್ ಅನಿಲಕ್ಕೆ ಸಿಲುಕಿದವರ, ಬಣ್ಣದ ಕೆಲಸದಿಂದ ಕೈಗಳ ಶಕ್ತಿ ಕುಂದಿದವರ ಸುದ್ದಿ ಅವರ ಕಿವಿಗೆ ಬೀಳತೊಡಗಿತು.

1902ರಲ್ಲಿ ಷಿಕಾಗೋದಲ್ಲಿ ವಿಷಮಶೀತ ಜ್ವರವು ಹಬ್ಬಿ, ಹಲ್ ಹೌಸ್ ಸುತ್ತಲಿನ ವಾರ್ಡಿನಲ್ಲಿ ಸಾವುಗಳು ಹೆಚ್ಚಾದವು. ತೆರೆದ ಕಕ್ಕಸುಗಳ ನೊಣಗಳನ್ನು ಹಿಡಿದು ಪರೀಕ್ಷಿಸಿದ ಹ್ಯಾಮಿಲ್ಟನ್ ಅವರು, ನೊಣಗಳ ಮೂಲಕ ರೋಗಾಣುಗಳು ಹರಡುತ್ತವೆ ಎಂದು ಪ್ರತಿಪಾದಿಸಿದರು. ಪ್ರಬಂಧಕ್ಕೆ ಹೆಚ್ಚಿನ ಪ್ರಚಾರ ದೊರೆತು, ನಗರದ ಆರೋಗ್ಯ ಇಲಾಖೆಯಲ್ಲಿ ಬದಲಾವಣೆಗಳೂ ಆದವು. ಆದರೆ ಕುಡಿಯುವ ನೀರಿನ ಕೊಳವೆಯೊಳಗೆ ಚರಂಡಿಯ ನೀರು ಸೇರಿದ್ದೇ ಆ ಹಾವಳಿಗೆ ಪ್ರಧಾನ ಕಾರಣವೆಂಬುದೂ, ಆ ಸಂಗತಿಯನ್ನು ಅಧಿಕಾರಿಗಳು ಮುಚ್ಚಿಟ್ಟಿದ್ದರೆಂಬುದೂ ಆಮೇಲೆ ತಿಳಿದುಬಂದವು. ಈ ಪ್ರಸಂಗವನ್ನು ಅವರು ತಮ್ಮ ಆತ್ಮಕಥೆಯಲ್ಲಿ ಮರೆಮಾಚದೆ ದಾಖಲಿಸಿದ್ದಾರೆ. ಮೊದಲು ತೋಚಿದ ಕಾರಣಕ್ಕೆ ತೃಪ್ತರಾಗದೆ ಪ್ರತಿಯೊಂದು ಪ್ರಕರಣವನ್ನೂ ಸಾಕ್ಷ್ಯದಿಂದ ಗಟ್ಟಿಗೊಳಿಸುವ ಕಟ್ಟುನಿಟ್ಟು ಅವರ ಮುಂದಿನ ಕೆಲಸದಲ್ಲಿ ಎದ್ದು ಕಾಣುತ್ತದೆ.

ಸೀಸದ ಸಮೀಕ್ಷೆ

ಇಂಗ್ಲೆಂಡ್, ಜರ್ಮನಿ ಮೊದಲಾದ ದೇಶಗಳಲ್ಲಿ ಉದ್ಯೋಗಜನ್ಯ ರೋಗಗಳ ಬಗ್ಗೆ ಆಗಲೇ ಶಾಸನಗಳೂ ತಪಾಸಣಾ ವ್ಯವಸ್ಥೆಯೂ ಇದ್ದವು. ಅಮೆರಿಕದಲ್ಲಿ ಅಂತಹ ಯಾವ ಏರ್ಪಾಡೂ ಇರಲಿಲ್ಲ. ಅಮೆರಿಕದ ಕಾರ್ಖಾನೆಗಳು ಯೂರೋಪಿನ ಕಾರ್ಖಾನೆಗಳಿಗಿಂತ ಉತ್ತಮವಾಗಿರುವುದರಿಂದ ಅಲ್ಲಿ ಇಂತಹ ರೋಗಗಳೇ ಇಲ್ಲವೆಂಬ ನಂಬಿಕೆ ವೈದ್ಯರಲ್ಲಿಯೂ ಬಲವಾಗಿತ್ತು. ಇಲಿನಾಯ್ ರಾಜ್ಯ ಸರ್ಕಾರವು ಈ ವಿಷಯವನ್ನು ಪರಿಶೀಲಿಸಲು ಆಯೋಗವೊಂದನ್ನು ನೇಮಿಸಿತು. 1910ರಲ್ಲಿ ರಾಜ್ಯದ ವಿಷಕಾರಿ ಉದ್ಯೋಗಗಳ ಸಮೀಕ್ಷೆಯ ಹೊಣೆ ಹ್ಯಾಮಿಲ್ಟನ್ ಅವರ ಪಾಲಿಗೆ ಬಂದಿತು. ಸೀಸದ ಅಧ್ಯಯನವನ್ನು ಅವರು ತಾವೇ ಕೈಗೆತ್ತಿಕೊಂಡರು.

ಸೀಸದ ವಿಷಬಾಧೆ ನಿಧಾನವಾಗಿ ಬಲಿಯುವಂಥದು. ಮೊದಲು ಹಸಿವು ಕುಗ್ಗುತ್ತದೆ, ಮುಖ ಬಿಳಿಚಿಕೊಳ್ಳುತ್ತದೆ, ಮಲಬದ್ಧತೆ ಉಂಟಾಗುತ್ತದೆ. ಬಳಿಕ ತಡೆಯಲಾಗದ ಹೊಟ್ಟೆಶೂಲೆ ಕಾಣಿಸಿಕೊಳ್ಳುತ್ತದೆ. ಒಸಡಿನ ಅಂಚಿನಲ್ಲಿ ನೀಲಿಗಪ್ಪು ಗೆರೆ ಮೂಡಬಹುದು. ನರಗಳು ದುರ್ಬಲಗೊಂಡಾಗ ಮಣಿಕಟ್ಟು ಜೋತುಬಿದ್ದು, ಕೈಯನ್ನು ಮೇಲೆತ್ತಲು ಆಗುವುದಿಲ್ಲ. ವಿಷವು ಮಿದುಳನ್ನು ತಲುಪಿದರೆ ಸೆಳವು ಮತ್ತು ಬುದ್ಧಿಭ್ರಮಣೆ ಉಂಟಾಗಿ ಸಾವೂ ಸಂಭವಿಸಬಹುದು. ಈ ಹಂತಗಳ ನಡುವೆ ತಿಂಗಳುಗಳೋ ವರ್ಷಗಳೋ ಉರುಳುವುದರಿಂದ, ರೋಗಕ್ಕೂ ಉದ್ಯೋಗಕ್ಕೂ ಇರುವ ಸಂಬಂಧ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಕಾಯಿಲೆಯಾದವರು ಕೆಲಸ ಬಿಟ್ಟು ಹೋಗುತ್ತಿದ್ದರು. ಅವರ ಸ್ಥಾನಕ್ಕೆ ಬೇರೆಯವರು ಬರುತ್ತಿದ್ದರು. ಹೀಗಾಗಿ ಕಾರ್ಖಾನೆಯೊಳಗೆ ನೋಡಿದರೆ ರೋಗಿಗಳೇ ಇಲ್ಲವೆಂದು ತೋರುತ್ತಿತ್ತು.

ಆದ್ದರಿಂದ ಹ್ಯಾಮಿಲ್ಟನ್ ಅವರು ಕಾರ್ಖಾನೆಯನ್ನು ನೋಡಿ ಹಿಂದಿರುಗಲಿಲ್ಲ. ಆಸ್ಪತ್ರೆಗಳ ದಾಖಲೆಗಳನ್ನು ಪರಿಶೀಲಿಸಿದರು. ವೈದ್ಯರನ್ನೂ ಔಷಧಿ ಅಂಗಡಿಯವರನ್ನೂ ಪಾದ್ರಿಗಳನ್ನೂ ಕಾರ್ಮಿಕ ಮುಖಂಡರನ್ನೂ ವಿಚಾರಿಸಿದರು. ರೋಗಿಗಳ ಮನೆಗಳಿಗೆ ಹೋಗಿ, ಅವರು ನಿಖರವಾಗಿ ಯಾವ ಕೆಲಸ ಮಾಡುತ್ತಿದ್ದರು, ಯಾವ ಪುಡಿಯನ್ನು ಮುಟ್ಟುತ್ತಿದ್ದರು, ಎಷ್ಟು ಕಾಲ ಮಾಡಿದ್ದರು ಎಂಬುದನ್ನು ಕೇಳಿ ತಿಳಿದುಕೊಂಡರು. ಆಸ್ಪತ್ರೆಯ ದಾಖಲೆಗಳಲ್ಲಿ ರೋಗಿಯ ಕಸುಬಿನ ವಿವರ ಅಸ್ಪಷ್ಟವಾಗಿರುತ್ತಿದ್ದುದರಿಂದ ಈ ಮನೆಭೇಟಿ ಅನಿವಾರ್ಯವಾಗಿತ್ತು. ಸೀಸದ ಬಾಧೆಯೆಂದು ಖಚಿತವಾದ ಪ್ರಕರಣಗಳನ್ನು ಮಾತ್ರ ಅವರು ಲೆಕ್ಕಕ್ಕೆ ತೆಗೆದುಕೊಂಡರು.

ಸೀಸದ ಅಪಾಯವಿರುವ 70ಕ್ಕೂ ಹೆಚ್ಚು ಉತ್ಪಾದನಾ ಕ್ರಮಗಳನ್ನು ಈ ಸಮೀಕ್ಷೆ ಗುರುತಿಸಿತು. ಬಣ್ಣ ತಯಾರಿಕೆ, ಸೀಸದ ಕರಗಿಸುವಿಕೆ, ಬ್ಯಾಟರಿ ತಯಾರಿಕೆಯಂತಹ ನಿರೀಕ್ಷಿತ ಉದ್ಯೋಗಗಳಷ್ಟೇ ಅಲ್ಲದೆ, ಸ್ನಾನದ ತೊಟ್ಟಿಗಳಿಗೆ ಎನಾಮೆಲ್ ಲೇಪಿಸುವುದು, ಶವಪೆಟ್ಟಿಗೆಯ ಅಲಂಕಾರದ ತುಣುಕುಗಳಿಗೆ ಹೊಳಪು ನೀಡುವುದು ಮುಂತಾದ ಯಾರೂ ಊಹಿಸದ ಕಸುಬುಗಳೂ ಈ ಪಟ್ಟಿಯಲ್ಲಿದ್ದವು. ವರದಿಯ ಫಲವಾಗಿ 1911ರಲ್ಲಿ ಇಲಿನಾಯ್ ರಾಜ್ಯವು ಉದ್ಯೋಗಜನ್ಯ ರೋಗಗಳ ಶಾಸನವನ್ನು ಜಾರಿಗೊಳಿಸಿತು. ಅಪಾಯಕಾರಿ ಕೆಲಸಗಳಲ್ಲಿ ಸುರಕ್ಷತಾ ಕ್ರಮ, ಕಾರ್ಮಿಕರ ನಿಯತಕಾಲಿಕ ವೈದ್ಯಕೀಯ ತಪಾಸಣೆ ಮತ್ತು ರೋಗ ಪ್ರಕರಣಗಳ ವರದಿ ಉದ್ಯಮಿಗಳ ಕರ್ತವ್ಯವಾದವು.

ದೋಷ ಕೈಯಲ್ಲಿಯೋ, ಗಾಳಿಯಲ್ಲಿಯೋ?

ಆ ಕಾಲದ ಕಾರ್ಖಾನೆ ಮಾಲೀಕರಲ್ಲಿ ಮತ್ತು ಅನೇಕ ವೈದ್ಯರಲ್ಲಿ ಒಂದು ಅಭಿಪ್ರಾಯ ಬೇರೂರಿತ್ತು. ಕಾರ್ಮಿಕರು ಕೈ ತೊಳೆಯದೆ ಊಟ ಮಾಡುವುದರಿಂದಲೇ ಸೀಸ ಅವರ ಹೊಟ್ಟೆ ಸೇರುತ್ತದೆ. ಆದುದರಿಂದ ರೋಗಕ್ಕೆ ಅವರ ಅಶುಚಿತ್ವವೇ ಕಾರಣ ಎಂಬುದು ಆ ಅಭಿಪ್ರಾಯ. ಈ ವಾದವನ್ನು ಒಪ್ಪಿದರೆ ಮಾಲೀಕರು ಒಂದು ಬೋಗುಣಿ ನೀರನ್ನೂ ಸಾಬೂನನ್ನೂ ಒದಗಿಸಿ ಹೊಣೆಯಿಂದ ಮುಕ್ತರಾಗಬಹುದಿತ್ತು.

ಹ್ಯಾಮಿಲ್ಟನ್ ಅವರ ಅವಲೋಕನ ಬೇರೆಯೇ ಆಗಿತ್ತು. ಬಣ್ಣಕ್ಕೆ ಬಳಸುವ ಬಿಳಿ ಸೀಸವನ್ನು ಹಳೆಯ ಡಚ್ ವಿಧಾನದಲ್ಲಿ ತಯಾರಿಸುವಾಗ, ಸೀಸದ ಬಿಲ್ಲೆಗಳನ್ನು ಹುಳಿದ್ರಾವಣವಿರುವ ಮಡಕೆಗಳಲ್ಲಿಟ್ಟು, ಮರದ ತೊಗಟೆಯಿಂದ ಮುಚ್ಚಿ, ತಿಂಗಳುಗಟ್ಟಲೆ ಬಿಡಲಾಗುತ್ತಿತ್ತು. ಲೋಹವು ಬಿಳಿಯ ಪದರವಾಗಿ ಮಾರ್ಪಟ್ಟ ಬಳಿಕ ಅದನ್ನು ಕೆರೆದು, ಒಣಗಿಸಿ, ಪುಡಿಮಾಡಿ, ಪೀಪಾಯಿಗಳಿಗೆ ತುಂಬುತ್ತಿದ್ದರು. ಈ ಹಂತಗಳಲ್ಲಿ ಕೋಣೆಯ ತುಂಬ ಬಿಳಿಯ ದೂಳು ಕವಿಯುತ್ತಿತ್ತು. ಯಾವ ಕೋಣೆಯಲ್ಲಿ ದೂಳು ಮತ್ತು ಹೊಗೆ ಹೆಚ್ಚೋ ಅಲ್ಲಿಯೇ ರೋಗಿಗಳೂ ಹೆಚ್ಚು ಎಂಬುದನ್ನು ಅವರು ಪ್ರಕರಣಗಳ ಸಮೇತ ತೋರಿಸಿದರು. ಪ್ರತಿ ಉಸಿರಿನೊಂದಿಗೆ ಸೀಸ ಒಳಸೇರುತ್ತಿರುವಾಗ ಊಟಕ್ಕೆ ಮುನ್ನ ಕೈ ತೊಳೆದ ಮಾತ್ರಕ್ಕೆ ಫಲವಿಲ್ಲ. ದೂಳನ್ನು ಹುಟ್ಟುವ ಸ್ಥಳದಲ್ಲಿಯೇ ತಡೆಯಬೇಕು, ಯಂತ್ರಗಳಿಗೆ ಮುಚ್ಚಳ ಹಾಕಬೇಕು, ಒಣಪುಡಿಯನ್ನು ತೇವಗೊಳಿಸಬೇಕು, ಹೊಗೆಯನ್ನು ಹೊರಗೆಳೆಯುವ ಕೊಳವೆಗಳನ್ನು ಅಳವಡಿಸಬೇಕು ಎಂಬುದು ಅವರ ನಿರ್ಣಯವಾಗಿತ್ತು.

ಬಿಳಿ ಸೀಸ ತಯಾರಿಸುವ ದೊಡ್ಡ ಕಂಪನಿಯೊಂದರ ಅಧಿಕಾರಿ ಎಡ್ವರ್ಡ್ ಕಾರ್ನಿಷ್ ಅವರು ತಮ್ಮ ಕಾರ್ಖಾನೆಯಲ್ಲಿ ವಿಷಬಾಧೆಯಿದೆ ಎಂಬುದನ್ನು ಮೊದಲು ನಂಬಲಿಲ್ಲ. ಸಾಕ್ಷ್ಯ ಒದಗಿಸಿದರೆ ಅಗತ್ಯವಾದ ಸುಧಾರಣೆಗಳನ್ನು ಮಾಡುವುದಾಗಿ ಅವರು ಒಪ್ಪಿಕೊಂಡರು. ಹ್ಯಾಮಿಲ್ಟನ್ ಅವರು ಅದೇ ಕಾರ್ಖಾನೆಯ 22 ಖಚಿತ ಪ್ರಕರಣಗಳನ್ನು ಅವರ ಮುಂದಿರಿಸಿದರು. ಕಾರ್ನಿಷ್ ಮಾತಿಗೆ ತಪ್ಪಲಿಲ್ಲ. ದೂಳುನಿಯಂತ್ರಣದ ವ್ಯವಸ್ಥೆಗಳನ್ನು ಅಳವಡಿಸಿ, ಕಾರ್ಮಿಕರ ತಪಾಸಣೆಗೆ ವೈದ್ಯರನ್ನು ನೇಮಿಸಿದರು. ಆಗ ಅವರನ್ನು ಹಾಗೆ ಮಾಡುವಂತೆ ಬಲವಂತಪಡಿಸುವ ಯಾವ ಕಾನೂನೂ ಇರಲಿಲ್ಲವೆಂಬುದನ್ನು ಗಮನಿಸಬೇಕು.

ರಾಷ್ಟ್ರಮಟ್ಟದ ಅಧ್ಯಯನ ಮತ್ತು ಪಾದರಸ

1911ರಿಂದ ಹ್ಯಾಮಿಲ್ಟನ್ ಅವರು ಕೇಂದ್ರ ಸರ್ಕಾರದ ಕಾರ್ಮಿಕ ಇಲಾಖೆಗಾಗಿ ವಿಶೇಷ ತನಿಖಾಧಿಕಾರಿಯಾಗಿ ದುಡಿದರು. ಅವರಿಗೆ ನಿಗದಿತ ಸಂಬಳವಿರಲಿಲ್ಲ. ಮುಗಿದ ವರದಿಗೆ ಮಾತ್ರ ಹಣ ಸಂದಾಯವಾಗುತ್ತಿತ್ತು. ಕಾರ್ಖಾನೆಯೊಳಕ್ಕೆ ಪ್ರವೇಶಿಸುವ ಕಾನೂನುಬದ್ಧ ಅಧಿಕಾರವೂ ಇರಲಿಲ್ಲ. ಮಾಲೀಕರೊಡನೆ ಸೌಜನ್ಯದಿಂದ ಮಾತನಾಡಿ, ಅನುಮತಿ ಪಡೆದು, ಕಂಡದ್ದನ್ನು ಅವರಿಗೇ ಮೊದಲು ತಿಳಿಸುವುದು ಅವರ ಪದ್ಧತಿಯಾಗಿತ್ತು. ಮೊದಲ ಮಹಾಯುದ್ಧದ ಕಾಲದಲ್ಲಿ ಸ್ಫೋಟಕಗಳ ಕಾರ್ಖಾನೆಗಳಲ್ಲಿನ ವಿಷಬಾಧೆಯನ್ನು ಅವರು ಪರಿಶೋಧಿಸಿದರು. ಬೆನ್ಜೀನ್ ದ್ರಾವಕದಿಂದ ರಕ್ತದ ಮೇಲಾಗುವ ಹಾನಿಯ ಬಗ್ಗೆ ಎಚ್ಚರಿಸಿದರು.

ಪಾದರಸದ ಮೇಲಿನ ಅವರ ಅಧ್ಯಯನವೂ ಗಮನಾರ್ಹವಾದದ್ದು. ಉಣ್ಣೆಯಂತಹ ಟೋಪಿಗಳನ್ನು ತಯಾರಿಸಲು ಮೊಲದ ತುಪ್ಪಳವನ್ನು ಪಾದರಸದ ನೈಟ್ರೇಟಿನಿಂದ ಸಂಸ್ಕರಿಸಲಾಗುತ್ತಿತ್ತು. ಆ ತುಪ್ಪಳವನ್ನು ಮುಂದೆ ಆವಿಯಲ್ಲಿ ಹದಗೊಳಿಸುವಾಗ ಪಾದರಸದ ಆವಿ ಹೊರಹೊಮ್ಮುತ್ತಿತ್ತು. ಟೋಪಿ ತಯಾರಕರಲ್ಲಿ ಕೈನಡುಕ, ಒಸಡಿನ ಹುಣ್ಣು, ಅತಿಯಾದ ಸಂಕೋಚ ಮತ್ತು ಮುಂಗೋಪ ಸಾಮಾನ್ಯವಾಗಿದ್ದವು. ಅಮೆರಿಕದ ಟೋಪಿ ಉದ್ಯಮವು ಪಾದರಸವನ್ನು ಕೈಬಿಟ್ಟದ್ದು 1941ರಲ್ಲಿ.

ಹಾರ್ವರ್ಡ್‌ನಲ್ಲಿ

1919ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯವು ಹ್ಯಾಮಿಲ್ಟನ್ ಅವರನ್ನು ಕೈಗಾರಿಕಾ ವೈದ್ಯಶಾಸ್ತ್ರದ ಸಹಾಯಕ ಪ್ರಾಧ್ಯಾಪಕರನ್ನಾಗಿ ನೇಮಿಸಿತು. ಆ ವಿಶ್ವವಿದ್ಯಾಲಯದ ಅಧ್ಯಾಪಕ ವೃಂದವನ್ನು ಸೇರಿದ ಮೊದಲ ಮಹಿಳೆ ಅವರೇ. ಅಲ್ಲಿ ಆಗ ವಿದ್ಯಾರ್ಥಿನಿಯರಿಗೂ ವೈದ್ಯಕೀಯ ಶಾಲೆಯಲ್ಲಿ ಪ್ರವೇಶವಿರಲಿಲ್ಲ. ಈ ಶಾಸ್ತ್ರದಲ್ಲಿ ಅವರಷ್ಟು ಬಲ್ಲವರು ದೇಶದಲ್ಲಿ ಬೇರೊಬ್ಬರು ಸಿಗದ ಕಾರಣ ಈ ನೇಮಕವಾಯಿತು. ಆದರೂ ಅಧ್ಯಾಪಕರ ಕ್ಲಬ್ಬನ್ನು ಬಳಸಕೂಡದು, ಪದವಿ ಪ್ರದಾನ ಸಮಾರಂಭದ ಮೆರವಣಿಗೆಯಲ್ಲಿ ಪಾಲ್ಗೊಳ್ಳಕೂಡದು, ಫುಟ್‌ಬಾಲ್ ಪಂದ್ಯದ ಟಿಕೆಟುಗಳನ್ನು ಕೇಳಕೂಡದು ಎಂಬ ನಿರ್ಬಂಧಗಳನ್ನು ಹೇರಲಾಯಿತು. 1935ರಲ್ಲಿ ನಿವೃತ್ತರಾಗುವವರೆಗೂ ಅವರು ಸಹಾಯಕ ಪ್ರಾಧ್ಯಾಪಕರಾಗಿಯೇ ಉಳಿದರು. ವರ್ಷದ ಅರ್ಧಭಾಗ ಮಾತ್ರ ಬೋಧಿಸಿ, ಉಳಿದ ಅವಧಿಯನ್ನು ಕ್ಷೇತ್ರ ಅಧ್ಯಯನಕ್ಕೆ ಮೀಸಲಿಡುವ ಏರ್ಪಾಡನ್ನು ಅವರೇ ಕೇಳಿ ಪಡೆದಿದ್ದರು. ಅಮೆರಿಕದ ಕೈಗಾರಿಕಾ ವಿಷಗಳ ಕುರಿತ ಅವರ ಬೃಹತ್ ಗ್ರಂಥ 1925ರಲ್ಲಿ ಪ್ರಕಟವಾಯಿತು.

ಪೆಟ್ರೋಲಿಗೆ ಬೆರೆತ ಸೀಸ

1920ರ ದಶಕದಲ್ಲಿ ಮೋಟಾರು ಎಂಜಿನ್ನಿನ ಬಡಿತವನ್ನು ತಗ್ಗಿಸಲು ಪೆಟ್ರೋಲಿಗೆ ಟೆಟ್ರಾಇಥೈಲ್ ಸೀಸವನ್ನು ಬೆರೆಸುವ ಕ್ರಮ ಆರಂಭವಾಯಿತು. 1924ರ ಅಕ್ಟೋಬರಿನಲ್ಲಿ ನ್ಯೂಜೆರ್ಸಿಯ ಘಟಕವೊಂದರಲ್ಲಿ ಈ ವಸ್ತುವಿನ ಬಾಧೆಯಿಂದ ಐವರು ಕಾರ್ಮಿಕರು ಬುದ್ಧಿಭ್ರಮಣೆಗೊಳಗಾಗಿ ಮೃತಪಟ್ಟರು. 1925ರ ಮೇ 20ರಂದು ಸರ್ಕಾರವು ವಾಷಿಂಗ್ಟನ್‌ನಲ್ಲಿ ಕರೆದ ಸಮಾವೇಶದಲ್ಲಿ ಹ್ಯಾಮಿಲ್ಟನ್ ಅವರು ಈ ಬಳಕೆಯನ್ನು ವಿರೋಧಿಸಿದರು. ಕಾರ್ಖಾನೆಯೊಳಗಿನ ಸೀಸವನ್ನು ಹೇಗಾದರೂ ಹತೋಟಿಯಲ್ಲಿಡಬಹುದು. ಆದರೆ ವಾಹನಗಳ ಹೊಗೆಯೊಂದಿಗೆ ಬೀದಿಬೀದಿಗಳಲ್ಲಿ ಚೆಲ್ಲಿದ ಸೀಸವನ್ನು ಯಾರೂ ಹತೋಟಿಗೆ ತರಲಾರರು. ಆದ್ದರಿಂದ ನಿರಪಾಯಕರವಾದ ಬದಲಿ ವಸ್ತುವನ್ನು ಹುಡುಕಬೇಕು ಎಂಬುದು ಅವರ ವಾದದ ಸಾರ. ತಜ್ಞರ ಸಮಿತಿಯು ನಿಷೇಧಕ್ಕೆ ಸಾಕಷ್ಟು ಆಧಾರವಿಲ್ಲವೆಂದು 1926ರಲ್ಲಿ ವರದಿ ನೀಡಿತು, ಬಳಕೆ ಮುಂದುವರಿಯಿತು. ಭಾರತದಲ್ಲಿ ಸೀಸಯುಕ್ತ ಪೆಟ್ರೋಲ್ ಮಾರಾಟ ಕೊನೆಗೊಂಡದ್ದು 2000ದಲ್ಲಿ. ಮೋಟಾರು ವಾಹನಗಳಿಗೆ ಅಂತಹ ಪೆಟ್ರೋಲನ್ನು ಮಾರುತ್ತಿದ್ದ ಕೊನೆಯ ದೇಶವಾದ ಅಲ್ಜೀರಿಯಾ ಅದನ್ನು ನಿಲ್ಲಿಸಿದ್ದು 2021ರಲ್ಲಿ. ಹ್ಯಾಮಿಲ್ಟನ್ ಅವರ ಎಚ್ಚರಿಕೆಗೆ ಜಗತ್ತು ಪೂರ್ಣವಾಗಿ ಕಿವಿಗೊಡಲು 96 ವರ್ಷಗಳು ಬೇಕಾದವು.

ಕೊನೆಯ ವರ್ಷಗಳು

ನಿವೃತ್ತಿಯ ಅನಂತರವೂ ಅವರು ಸರ್ಕಾರದ ಸಲಹೆಗಾರರಾಗಿ ದುಡಿದರು. ಕೃತಕ ರೇಷ್ಮೆಯ ಕಾರ್ಖಾನೆಗಳಲ್ಲಿ ಬಳಸುತ್ತಿದ್ದ ಕಾರ್ಬನ್ ಡೈಸಲ್ಫೈಡ್‌ನಿಂದ ಕಾರ್ಮಿಕರ ನರಗಳಿಗೂ ಮನಸ್ಸಿಗೂ ಆಗುತ್ತಿದ್ದ ಹಾನಿಯನ್ನು ಪೆನ್ಸಿಲ್ವೇನಿಯಾದಲ್ಲಿ ಪರಿಶೋಧಿಸಿದರು. 1943ರಲ್ಲಿ ಆತ್ಮಕಥೆಯನ್ನು ಪ್ರಕಟಿಸಿದರು. 1947ರಲ್ಲಿ ಪ್ರತಿಷ್ಠಿತ ಲಾಸ್ಕರ್ ಪ್ರಶಸ್ತಿ ಅವರಿಗೆ ಸಂದಿತು. ಕನೆಕ್ಟಿಕಟ್ ರಾಜ್ಯದ ಹ್ಯಾಡ್ಲೈಮ್ ಗ್ರಾಮದ ತಮ್ಮ ಮನೆಯಲ್ಲಿ 1970ರ ಸೆಪ್ಟೆಂಬರ್ 22ರಂದು, 101ನೆಯ ವಯಸ್ಸಿನಲ್ಲಿ ಅವರು ನಿಧನರಾದರು. ಅದೇ ವರ್ಷದ ಡಿಸೆಂಬರಿನಲ್ಲಿ ಅಮೆರಿಕದ ರಾಷ್ಟ್ರೀಯ ಉದ್ಯೋಗ ಸುರಕ್ಷತೆ ಮತ್ತು ಆರೋಗ್ಯ ಕಾಯ್ದೆಗೆ ಅಂಕಿತ ಬಿದ್ದಿತು.

ನಮ್ಮ ಹೊಲಗಳಿಗೆ ಅನ್ವಯ

ಹ್ಯಾಮಿಲ್ಟನ್ ಅವರ ಕಾಲದಲ್ಲಿ ಅಮೆರಿಕದ ಸೇಬಿನ ತೋಟಗಳಿಗೆ ಸೀಸದ ಆರ್ಸೆನೇಟನ್ನು ಕೀಟನಾಶಕವಾಗಿ ಸಿಂಪಡಿಸುತ್ತಿದ್ದರು. ಡಿ.ಡಿ.ಟಿ. ಬಂದ ಮೇಲೆ ಅದರ ಬಳಕೆ ಕುಗ್ಗಿತಾದರೂ, ಆ ಹಳೆಯ ತೋಟಗಳ ಮಣ್ಣಿನಲ್ಲಿ ಸೀಸವೂ ಆರ್ಸೆನಿಕ್ಕೂ ಇಂದಿಗೂ ಉಳಿದಿವೆ. ಭಾರಲೋಹಗಳು ಕೊಳೆತು ನಾಶವಾಗುವಂಥವಲ್ಲ. ನಮ್ಮ ದೇಶದಲ್ಲಿಯೂ ಕಬ್ಬಿನ ತುಂಡು ಮತ್ತು ಆಲೂಗೆಡ್ಡೆಯ ಬೀಜೋಪಚಾರಕ್ಕೆ ಪಾದರಸಯುಕ್ತ ಶಿಲೀಂಧ್ರನಾಶಕವನ್ನು ಬಳಸಲಾಗುತ್ತಿತ್ತು. 2018ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರವು ಅದನ್ನು ನಿಷೇಧಿಸಿತು. ಹಳೆಯ ದಾಸ್ತಾನು ಯಾರ ಬಳಿಯಲ್ಲಾದರೂ ಉಳಿದಿದ್ದರೆ ಅದನ್ನು ಬಳಸಬಾರದು, ಬಾವಿ ಅಥವಾ ಹಳ್ಳದ ಬಳಿ ಸುರಿಯಲೂಬಾರದು. ಸಮೀಪದ ರೈತ ಸಂಪರ್ಕ ಕೇಂದ್ರಕ್ಕೆ ತಿಳಿಸಬೇಕು. ಕಾರ್ಖಾನೆಯ ತ್ಯಾಜ್ಯನೀರನ್ನೂ ಅದರ ಕೆಸರನ್ನೂ ಪರೀಕ್ಷೆ ಮಾಡಿಸದೆ ಬೆಳೆಗೆ ಹರಿಸಬಾರದು.

ಪ್ರತಿಯೊಂದು ವಿಷಕ್ಕೂ ಅದರದೇ ಆದ ಹಾದಿಯಿರುತ್ತದೆ. ಸೀಸದ ಕಾರ್ಖಾನೆಯಲ್ಲಿ ಉಸಿರಾಟವೇ ಮುಖ್ಯ ಹಾದಿಯಾಗಿತ್ತು. ದ್ರವರೂಪದ ಪೀಡೆನಾಶಕಗಳನ್ನು ಸಿಂಪಡಿಸುವಾಗ ಚರ್ಮವೇ ಮುಖ್ಯ ಹಾದಿ. ಗಾಢ ದ್ರಾವಣವನ್ನು ಅಳೆದು ಬೆರೆಸುವ ಸಮಯ ಎಲ್ಲಕ್ಕಿಂತ ಅಪಾಯಕರ. ಸೋರುವ ಸಿಂಪರಣಾ ಯಂತ್ರದಿಂದ ಬೆನ್ನು ತೊಯ್ಯುವುದು, ಬರಿಗೈಯಿಂದ ಕಲಕುವುದು, ಕಟ್ಟಿಕೊಂಡ ನಳಿಕೆಯನ್ನು ಬಾಯಿಂದ ಊದುವುದು, ಗಾಳಿಗೆ ಎದುರಾಗಿ ಸಿಂಪಡಿಸುವುದು, ನಡುವೆ ಬೀಡಿ ಅಥವಾ ಎಲೆಅಡಿಕೆ ಹಾಕಿಕೊಳ್ಳುವುದು ಇವೆಲ್ಲವೂ ವಿಷಕ್ಕೆ ತೆರೆದಿಟ್ಟ ಬಾಗಿಲುಗಳು. ಕೈ ತೊಳೆಯುವುದು ಅಗತ್ಯವೇ ಸರಿ. ಆದರೆ ಯಂತ್ರ ಸೋರುತ್ತಿದ್ದರೆ, ಕೈಗವಸು ಇಲ್ಲದಿದ್ದರೆ ಅದೊಂದೇ ಸಾಲದು.

ಕೂಲಿಗೆ ಸಿಂಪರಣೆ ಮಾಡುವವರ ವಿಷಯದಲ್ಲಿ ಹೊಣೆ ಕೆಲಸ ಮಾಡಿಸುವವರದು. 1968ರ ಕೀಟನಾಶಕ ಕಾಯ್ದೆಯ ಅಡಿಯಲ್ಲಿ ರಚಿತವಾದ 1971ರ ನಿಯಮಗಳು ರಕ್ಷಣಾ ಉಡುಪಿನ ಬಗ್ಗೆ ಸ್ಪಷ್ಟವಾಗಿ ಹೇಳುತ್ತವೆ. ಸುಸ್ಥಿತಿಯ ಯಂತ್ರ, ಕೈಗವಸು, ಮುಖಗವಸು, ತೊಳೆಯಲು ನೀರು ಮತ್ತು ಸಾಬೂನನ್ನು ಒದಗಿಸಿದ ಮೇಲೆಯೇ ಕೆಲಸಕ್ಕೆ ಇಳಿಸಬೇಕು. ಡಬ್ಬಿಯ ಮೇಲಿನ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನಗಳು ವಿಷದ ತೀವ್ರತೆಯ ಇಳಿಕೆಯ ಕ್ರಮವನ್ನು ಸೂಚಿಸುತ್ತವೆ. ಕಡಿಮೆ ವಿಷದ ಬದಲಿಯಿಂದ ಅಥವಾ ಸಮಗ್ರ ಪೀಡೆ ನಿರ್ವಹಣೆಯಿಂದ ಕೆಲಸ ನಡೆಯುವುದಾದರೆ ಕೆಂಪು ತ್ರಿಕೋನದ ಡಬ್ಬಿಯನ್ನು ಕೊಳ್ಳುವ ಅಗತ್ಯವಿಲ್ಲ.

ಸಿಂಪರಣೆಯ ಬಳಿಕ ಅತಿಯಾಗಿ ಬೆವರುವುದು, ಜೊಲ್ಲು ಸುರಿಯುವುದು, ವಾಂತಿ, ಕಣ್ಣು ಮಂಜಾಗುವುದು, ಮಾಂಸಖಂಡಗಳ ಅದುರುವಿಕೆ ಕಂಡುಬಂದರೆ ಬಟ್ಟೆಯನ್ನು ತೆಗೆದು ಮೈಯನ್ನು ತೊಳೆದು, ಡಬ್ಬಿಯನ್ನು ಅಥವಾ ಅದರ ಚೀಟಿಯನ್ನು ಜೊತೆಗೊಯ್ದು ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ವಿಸ್ತರಣಾ ಕಾರ್ಯಕರ್ತರು ತಮ್ಮ ವ್ಯಾಪ್ತಿಯ ಇಂತಹ ಪ್ರಕರಣವೊಂದು ತಿಳಿದೊಡನೆ ಆ ಮನೆಗೆ ಭೇಟಿ ನೀಡಿ, ಯಾವ ಔಷಧ, ಯಾವ ಪ್ರಮಾಣ, ಯಾವ ಯಂತ್ರ, ಎಷ್ಟು ಗಂಟೆ, ಯಾವ ಉಡುಪು ಎಂಬ ಐದು ವಿವರಗಳನ್ನು ಬರೆದಿಡಬೇಕು. ಅಜಾಗರೂಕತೆಯೆಂದು ಷರಾ ಬರೆದು ಮುಗಿಸುವ ಮುನ್ನ ಈ ಐದು ವಿವರಗಳನ್ನು ಕೇಳಿದರೆ, ಮುಂದಿನ ಹಂಗಾಮಿನಲ್ಲಿ ಅದೇ ಊರಿನ ಇನ್ನೊಬ್ಬರು ಆಸ್ಪತ್ರೆ ಸೇರುವುದನ್ನು ತಪ್ಪಿಸಲು ದಾರಿ ಸಿಗುತ್ತದೆ.